ಕೂದಲು ತಿನ್ನುವ ಹುಳು ಎಲ್ಲಿದೆ?

ಮಕ್ಕಳೇ, ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ ನುಣ್ಣಗಾದರೆ ನಮ್ಮ ಹೊಸಪೇಟೆ, ಕಂಪ್ಲಿ ಕಡೆ ‘ಹುಳ ತಿಂದೈತಿ’ ಅನ್ನುವವರಿದ್ದಾರೆ. ಹುಳವೇನೂ ಇಲ್ಲ. ವೈದ್ಯರು ಇದನ್ನು ಅಲೋಪೇಶಿಯಾ ಏರಿಯೇಟಾ ಎನ್ನುತ್ತಾರೆ. ರೋಗಾಣುಗಳೊಡನೆ ಹೋರಾಡಬೇಕಾದ ರಕ್ತದ ಬಿಳಿಕಣಗಳೇ ಕೂದಲಿನ ಬುಡವನ್ನು ಶತ್ರುವೆಂದು ಮುತ್ತುತ್ತವೆ. ಹಂಪಿಯ ಕಾವಲುಗಾರರೇ ಹಂಪಿಗೆ ಮುತ್ತಿಗೆ ಹಾಕಿದ ಹಾಗೆ! ಆದರೆ ಬುಡ ಸಾಯುವುದಿಲ್ಲ. ಎಷ್ಟೋ ಮಂದಿಗೆ ಕೆಲವು ತಿಂಗಳಲ್ಲಿ ಕೂದಲು ತಾನಾಗಿ ಬರುತ್ತದೆ; ಮತ್ತೆ ಉದುರಲೂಬಹುದು.

ಅಜ್ಜ ಅಜ್ಜಿಯರೇ, ಬೆಳ್ಳುಳ್ಳಿ ಉಜ್ಜಿ ಮಗುವಿನ ತಲೆ ಸುಡಬೇಡಿ. ಚರ್ಮವೈದ್ಯರು ವಯಸ್ಸು ನೋಡಿ ಸ್ಟೀರಾಯ್ಡ್ ಮುಲಾಮು ಇಲ್ಲವೇ ಚುಚ್ಚುಮದ್ದು ಕೊಡುತ್ತಾರೆ. ತೀವ್ರವಾಗಿದ್ದರೆ ವಯಸ್ಕರಿಗೆ ಬ್ಯಾರಿಸಿಟಿನಿಬ್ ಮಾತ್ರೆಯಿದೆ. ಅಮೆರಿಕ 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಸಂಡೂರಿನಲ್ಲಿ ಓದುವ ನನ್ನ ಮೊಮ್ಮಗಳ ಪಕ್ಕ ಗೆಳತಿಯರು ಕೂರುತ್ತಿಲ್ಲ. ಇದು ಅಂಟುರೋಗವಲ್ಲ ಮಕ್ಕಳೇ, ಪಕ್ಕದಲ್ಲೇ ಕೂತು ಬುತ್ತಿ ಹಂಚಿಕೊಳ್ಳಿ.