ಹಳಿ ಇಲ್ಲದ ಊರಲ್ಲಿ ಜರ್ಮನ್ ರೈಲು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲೂ ರೈಲು ನಿಲ್ದಾಣವಿಲ್ಲ. ಬೆಂಗಳೂರಿನ ದೊಡ್ಡ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟಿದ್ದಾರೆ. ಆ ಸಂಗೊಳ್ಳಿ ಇರುವುದು ನಮ್ಮ ಬೈಲಹೊಂಗಲ ತಾಲ್ಲೂಕಿನಲ್ಲಿ. ಬೆಂಗಳೂರಿನಿಂದ ಹೊರಡುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ದಾಟಿ ಹೋಗುತ್ತದೆ. ಚನ್ನಮ್ಮ ಆಳಿದ ಕಿತ್ತೂರಿಗೂ ಅದು ಬರುವುದಿಲ್ಲ, ಆಕೆಯ ಸಮಾಧಿ ಇರುವ ಬೈಲಹೊಂಗಲಕ್ಕೂ ಬರುವುದಿಲ್ಲ. ರೈಲಿನ ಮೇಲೆ ನಮ್ಮ ಹೆಸರುಗಳಿವೆ, ನಮ್ಮಲ್ಲಿ ಹಳಿಗಳಿಲ್ಲ.

ಇಂಥ ಊರಿನಲ್ಲಿದ್ದುಕೊಂಡು ನಾನು ಲೋಕೊ ಪೈಲಟ್ ಆಗಬೇಕು ಎಂದು ಹೊರಟವನು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿ, ಬೈಲಹೊಂಗಲದ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹಗಲೆಲ್ಲ ರೈತರ ಬೋರ್‌ವೆಲ್ ಮೋಟಾರ್‌ಗಳಿಗೆ ತಾಮ್ರದ ತಂತಿ ಸುತ್ತುವುದು, ರಾತ್ರಿ ಸಹಾಯಕ ಲೋಕೊ ಪೈಲಟ್ ಪರೀಕ್ಷೆಗೆ ಓದುವುದು. ಕಳೆದ ಎರಡು ವರ್ಷಗಳಿಂದ ಇದರ ಜತೆ ಇನ್ನೊಂದು ಕೆಲಸ ಸೇರಿದೆ: ದಿನಕ್ಕೆ ಒಂದು ತಾಸು ಜರ್ಮನಿಯಲ್ಲಿ ರೈಲು ಓಡಿಸುವುದು!

ಅದು ‘ಝೂಸಿ 3’ ಎಂಬ ಸಿಮ್ಯುಲೇಟರ್. ಜರ್ಮನ್ ಭಾಷೆಯಲ್ಲಿ ‘ಝೂಗ್’ ಎಂದರೆ ರೈಲು. ಆ ಪದಕ್ಕೆ ಸಿಮ್ಯುಲೇಟರ್ ಸೇರಿ ಈ ಚಿಕ್ಕ ಹೆಸರು ಹುಟ್ಟಿದೆ. ಕಾರ್ಸ್ಟನ್ ಹೋಲ್ಶರ್ ಎಂಬ ಜರ್ಮನ್ ತಂತ್ರಜ್ಞ ಇದನ್ನು ರೂಪಿಸಿದವರು. ಇದರ ವೃತ್ತಿಪರ ಆವೃತ್ತಿಯನ್ನು ಚಾಲಕರ ತರಬೇತಿಗೂ ಬಳಸುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಕಾಕಾನ ಮಗ ಮನೆಯಲ್ಲಿ ಬಳಸುವ ಆವೃತ್ತಿಯನ್ನು ಉಡುಗೊರೆಯಾಗಿ ಕೊಡಿಸಿದ. ತನ್ನ ಹಳೆಯ ಕಂಪ್ಯೂಟರನ್ನೂ ಬಸ್ಸಿಗೆ ಹಾಕಿ ಕಳಿಸಿದ.

ಮೊಬೈಲ್‌ನ ರೈಲು ಆಟಗಳನ್ನು ಆಡಿದವರಿಗೆ ಝೂಸಿ ಮೊದಲ ದಿನ ಸಪ್ಪೆ ಎನಿಸಬಹುದು. ಕಣ್ಣು ಕುಕ್ಕುವ ದೃಶ್ಯಗಳಿಲ್ಲ, ಅಂಕಗಳಿಲ್ಲ, ಹಂತಗಳಿಲ್ಲ. ಚಾಲಕನ ಕೋಣೆ, ಮುಂದೆ ಹಳಿ, ಒಂದು ವೇಳಾಪಟ್ಟಿ. ಆ ಪಟ್ಟಿಯಲ್ಲಿ ಹೊತ್ತನ್ನು ನಿಮಿಷದ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಕೊಟ್ಟಿರುತ್ತಾರೆ! ಮುಂದಿನ ರೈಲು ತಡವಾದರೆ ನಿಮಗೆ ಎಚ್ಚರಿಕೆಯ ಸಿಗ್ನಲ್ ಬೀಳುತ್ತದೆ. ಸುಮ್ಮನೆ ಕಾಯಬೇಕು. ‘ಇದೆಂಥಾ ಆಟ?’ ಎಂದು ಎದ್ದು ಹೋಗುವವರೇ ಹೆಚ್ಚು. ಕೂತವರಿಗೆ ಮಾತ್ರ ಇದರ ರುಚಿ ಹತ್ತುತ್ತದೆ.

ಅವ್ವನಿಗೆ ಇದು ಅರ್ಥವಾಗಲು ಬಹಳ ದಿನ ಹಿಡಿಯಿತು. ‘ಏ ತಮ್ಮಾ, ದಿನಾ ರಾತ್ರಿ ರೈಲ ಹೊಡೀತಿ. ಊರಿಗೆ ಮಾತ್ರ ಒಂದೂ ಬರವಲ್ದು’ ಎಂದು ನಗುತ್ತಿದ್ದಳು.

ಬ್ರೇಕಿನ ಲೆಕ್ಕ

ರೈಲು ಓಡಿಸುವುದೆಂದರೆ ವೇಗ ಹೆಚ್ಚಿಸುವುದು ಎಂದು ಹೊರಗಿನವರಿಗೆ ಅನಿಸುತ್ತದೆ. ಸಿಮ್ಯುಲೇಟರ್ ಮೊದಲು ಕಲಿಸುವುದು ನಿಲ್ಲಿಸುವುದನ್ನು. ರೈಲಿನುದ್ದಕ್ಕೂ ಒಂದು ಗಾಳಿಯ ಪೈಪ್ ಇರುತ್ತದೆ. ಅದರಲ್ಲಿ 5 ಬಾರ್ ಒತ್ತಡ ತುಂಬಿದ್ದರೆ ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಇಳಿಸಿದರೆ ಬ್ರೇಕ್ ಹಿಡಿಯುತ್ತದೆ. ಪೈಪ್ ಒಡೆದರೂ, ಬೋಗಿ ಕಳಚಿದರೂ ಗಾಳಿ ಹೊರಹೋಗಿ ರೈಲು ತಾನೇ ನಿಲ್ಲುತ್ತದೆ. ನಮ್ಮ ದೇಶದ ರೈಲುಗಳಲ್ಲೂ ಇದೇ ತತ್ವ. ಈ ಸಂಗತಿಯನ್ನು ಪುಸ್ತಕದಲ್ಲಿ ನಾಲ್ಕು ಸಲ ಓದಿದ್ದೆ. ಉದ್ದನೆಯ ಗೂಡ್ಸ್ ರೈಲಿನ ಕೊನೆಯ ವ್ಯಾಗನ್ನಿಗೆ ಗಾಳಿಯ ಸುದ್ದಿ ಮುಟ್ಟಲು ಹೊತ್ತು ಬೇಕು, ಬ್ರೇಕ್ ಬಿಡಿಸಿದ ಮೇಲೆ ಮತ್ತೆ ಗಾಳಿ ತುಂಬಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು ಎಂಬುದು ಕೈಗೆ ತಿಳಿದದ್ದು ಝೂಸಿಯಲ್ಲಿ.

ಸವದತ್ತಿಯ ನನ್ನ ಸೋದರಮಾವ ನಿವೃತ್ತ ಬಸ್ ಚಾಲಕ. ಎಲ್ಲಮ್ಮನ ಗುಡ್ಡದ ಜಾತ್ರೆಯ ಗದ್ದಲದಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. ಒಂದು ಭಾನುವಾರ ಅವರನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಪ್ಯಾಸೆಂಜರ್ ರೈಲು ಕೊಟ್ಟೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ ಅವರು ಹೇಳಿದರು: ‘ಅಳಿಯಾ, ಬಸ್ಸಿನಾಗ ಕಂಡ ಮ್ಯಾಲೆ ಬ್ರೇಕ್ ಹಾಕ್ತೀವಿ. ಇದರಾಗ ಕಾಣೂಕಿಂತ ಮೊದಲ ಹಾಕಬೇಕಲ್ಲೋ!’ ನಾನು ತಿಂಗಳುಗಟ್ಟಲೆ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಕೆಂಪು ದೀಪ ಕಣ್ಣಿಗೆ ಬಿದ್ದ ಮೇಲೆ ಯೋಚಿಸುತ್ತ ಕೂರಲು ಹೊತ್ತಿಲ್ಲ. ಅದಕ್ಕೇ ಜರ್ಮನಿಯ ಮುಖ್ಯ ಮಾರ್ಗಗಳಲ್ಲಿ ಸಾಮಾನ್ಯವಾಗಿ 1000 ಮೀಟರ್ ಮೊದಲೇ ಮುನ್ಸೂಚನೆಯ ಸಿಗ್ನಲ್ ಇಟ್ಟಿರುತ್ತಾರೆ. ನಮ್ಮಲ್ಲಿ ಹಳದಿ, ಎರಡು ಹಳದಿ ದೀಪಗಳು ಮಾಡುವುದೂ ಇದೇ ಕೆಲಸ.

‘ಎಚ್ಚರ ಇದ್ದೀಯೇನು?’

ಜರ್ಮನ್ ರೈಲಿನ ಸುರಕ್ಷತಾ ವ್ಯವಸ್ಥೆಯ ಹೆಸರು ಪಿಝಡ್‌ಬಿ. ಇದರ ಮೂಲ ರೂಪ 1930ರ ದಶಕದಷ್ಟು ಹಳೆಯದು. ಹಳಿಯ ಪಕ್ಕದಲ್ಲಿ ಮೂರು ಬಗೆಯ ಅಯಸ್ಕಾಂತಗಳು. ಮುನ್ಸೂಚನೆಯ ಸಿಗ್ನಲ್ ಎಚ್ಚರಿಕೆ ತೋರಿಸುತ್ತಿದ್ದರೆ 1000 ಹರ್ಟ್ಸ್‌ನ ಅಯಸ್ಕಾಂತ ಎಂಜಿನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಚಾಲಕ 4 ಸೆಕೆಂಡಿನೊಳಗೆ ‘ವಾಖ್‌ಸಾಮ್’ ಎಂಬ ಗುಂಡಿ ಒತ್ತಬೇಕು. ಹಾಗೆಂದರೆ ‘ಎಚ್ಚರವಾಗಿದ್ದೇನೆ’. ವೇಗದ ಪ್ಯಾಸೆಂಜರ್ ರೈಲಾದರೆ 23 ಸೆಕೆಂಡಿನೊಳಗೆ ಗಂಟೆಗೆ 85 ಕಿ.ಮೀ.ಗೆ ಇಳಿಯಬೇಕು. ಕೆಂಪು ಸಿಗ್ನಲ್‌ಗೆ ಸುಮಾರು 250 ಮೀಟರ್ ಇರುವಾಗ 500 ಹರ್ಟ್ಸ್‌ನ ಅಯಸ್ಕಾಂತ. ಅಲ್ಲಿ ವೇಗ 65 ಮೀರಬಾರದು, ನಂತರದ 153 ಮೀಟರ್‌ನಲ್ಲಿ 45ಕ್ಕೆ ಬರಬೇಕು. ಇಷ್ಟಾದ ಮೇಲೂ ಕೆಂಪು ದಾಟಿದರೆ 2000 ಹರ್ಟ್ಸ್‌ನ ಅಯಸ್ಕಾಂತ ಕ್ಷಣದಲ್ಲಿ ತುರ್ತು ಬ್ರೇಕ್ ಹಾಕಿಸುತ್ತದೆ.

ಇದಲ್ಲದೆ ‘ಜೀಫಾ’ ಎಂಬ ಪೆಡಲ್ ಇದೆ. ಅದನ್ನು ತುಳಿದೇ ಇರಬೇಕು, ಆದರೆ 30 ಸೆಕೆಂಡಿಗೊಮ್ಮೆ ಬಿಟ್ಟು ತುಳಿಯಬೇಕು. ಬಿಡದಿದ್ದರೆ ಮೊದಲು ದೀಪ, ಆಮೇಲೆ ಸದ್ದು, ಕೊನೆಗೆ ಬ್ರೇಕ್. ಚಾಲಕ ನಿದ್ದೆ ಹೋದರೆ, ಎಚ್ಚರ ತಪ್ಪಿದರೆ ರೈಲು ತಾನೇ ನಿಲ್ಲಲಿ ಎಂದು ಈ ಏರ್ಪಾಡು. ನಮ್ಮ ಎಂಜಿನ್‌ಗಳಲ್ಲೂ ಇಂಥ ಜಾಗೃತಿ ಸಾಧನವಿದೆ. 60 ಸೆಕೆಂಡ್ ಚಾಲಕ ಏನನ್ನೂ ಮುಟ್ಟದಿದ್ದರೆ ಅದು ಕೇಳುತ್ತದೆ. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಕೊಂಡ ನಮ್ಮ ‘ಕವಚ’ ಹಳಿಯ ಮೇಲಿನ ಆರ್‌ಎಫ್‌ಐಡಿ ಟ್ಯಾಗ್ ಮತ್ತು ರೇಡಿಯೊ ಬಳಸಿ ಪಿಝಡ್‌ಬಿಗಿಂತ ಹೆಚ್ಚಿನದನ್ನು ಮಾಡುತ್ತದೆ. ಪಿಝಡ್‌ಬಿ ಕಲಿತ ಮೇಲೆ ಕವಚದ ಬಗ್ಗೆ ಓದಿದಾಗ, ಬಾಯಿಪಾಠದ ಅಗತ್ಯವೇ ಬೀಳಲಿಲ್ಲ.

ಅಂಗಡಿಯ ಕೆಲಸಕ್ಕೂ ಇಲ್ಲಿ ನಂಟು ಸಿಕ್ಕಿತು. ನಮ್ಮ ಡಬ್ಲ್ಯೂಎಪಿ-7 ಎಂಜಿನ್ನಿನಲ್ಲಿ ತಲಾ 850 ಕಿಲೋವಾಟ್‌ನ ಆರು ಮೋಟಾರ್‌ಗಳಿವೆ. ಅವು ಮೂರು ಫೇಸ್‌ನ ಇಂಡಕ್ಷನ್ ಮೋಟಾರ್‌ಗಳು. ನಾನು ದಿನವೂ ತಂತಿ ಸುತ್ತುವ ಬೋರ್‌ವೆಲ್ ಮೋಟಾರ್ ಕೂಡ ಅದೇ ಕುಲದ್ದು. ಗಾತ್ರ ಬೇರೆ, ವಿದ್ಯುತ್ತಿನ ಆವರ್ತನ ಬದಲಿಸಿ ವೇಗ ಹಿಡಿತದಲ್ಲಿಡುವ ಜಾಣ್ಮೆ ಬೇರೆ. ನೀವು ಈಗ ಮಾಡುತ್ತಿರುವ ಸಣ್ಣ ಕೆಲಸದೊಳಗೆ ಮುಂದಿನ ಕೆಲಸದ ಒಂದು ತುಣುಕು ಇದ್ದೇ ಇರುತ್ತದೆ. ಹುಡುಕಿ ನೋಡಿ.

ಅರವತ್ತು ಪದಗಳ ಜರ್ಮನ್

ಸಿಗ್ನಲ್‌ಗಳ ಹೆಸರು, ವೇಳಾಪಟ್ಟಿ, ಗುಂಡಿಗಳ ಮೇಲಿನ ಬರಹ, ಎಲ್ಲವೂ ಜರ್ಮನ್. ನನ್ನದು ಕನ್ನಡ ಮಾಧ್ಯಮ. ಮೊಬೈಲ್ ಕ್ಯಾಮೆರಾ ಹಿಡಿದು ಒಂದೊಂದೇ ಪದದ ಅರ್ಥ ನೋಡಿ ಬರೆದುಕೊಂಡೆ. ‘ಹಾಲ್ಟ್’ ಎಂದರೆ ನಿಲ್ಲು, ‘ಫ್ರೈ’ ಎಂದರೆ ಮುಕ್ತ, ‘ಬೆಫೇಲ್’ ಎಂದರೆ ಅಪ್ಪಣೆ. ಸುಮಾರು ಅರವತ್ತು ಪದ ಗೊತ್ತಾದ ಮೇಲೆ ರೈಲು ಓಡಿಸಲು ತೊಂದರೆಯಾಗಲಿಲ್ಲ. ಇದನ್ನು ಹೇಳಲು ಕಾರಣವಿದೆ. ರೈಲ್ವೆ ನೇಮಕಾತಿಯ ಮೊದಲ ಎರಡು ಪರೀಕ್ಷೆಗಳನ್ನು ಕನ್ನಡದಲ್ಲೇ ಬರೆಯಬಹುದು. ಮೂರನೆಯ ಹಂತದ ಕಂಪ್ಯೂಟರ್ ಆಧಾರಿತ ಸಾಮರ್ಥ್ಯ ಪರೀಕ್ಷೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ. ಅದನ್ನು ಕೇಳಿಯೇ ನಮ್ಮ ಕಡೆಯ ಹಲವರು ಹಿಂಜರಿಯುತ್ತಾರೆ. ಒಂದು ಕೆಲಸಕ್ಕೆ ಬೇಕಾದ ಭಾಷೆ ಸಮುದ್ರದಷ್ಟಿರುವುದಿಲ್ಲ, ಕೆರೆಯಷ್ಟಿರುತ್ತದೆ. ಈಜಿ ದಾಟಬಹುದು.

ಹಳದಿಯೋ, ಕೆಂಪೋ?

ರಾಮದುರ್ಗದ ನೇಕಾರರ ಮನೆಯ ಗೆಳೆಯನೊಬ್ಬನಿದ್ದಾನೆ. ನನ್ನ ಜತೆಗೇ ಐಟಿಐ ಓದಿದವನು, ಅದೇ ಪರೀಕ್ಷೆಗೆ ಓದುತ್ತಿದ್ದವನು. ಭಾನುವಾರಗಳಂದು ಬರುತ್ತಿದ್ದ. ನಮ್ಮ ರೈಲ್ವೆಯಲ್ಲಿ ಲೋಕೊ ಪೈಲಟ್ ಮತ್ತು ಸಹಾಯಕ ಇಬ್ಬರೂ ಸಿಗ್ನಲ್ ನೋಡಿ ಬಾಯಿಬಿಟ್ಟು ಕೂಗಿ ಹೇಳಬೇಕೆಂಬ ನಿಯಮವಿದೆ. ನಾವೂ ಹಾಗೇ ಮಾಡುತ್ತಿದ್ದೆವು. ನಾನು ಓಡಿಸುವುದು, ಅವನು ಪಕ್ಕದಲ್ಲಿ ಕೂತು ಕೂಗುವುದು.

ಕೆಲವು ವಾರಗಳಲ್ಲಿ ಒಂದು ವಿಷಯ ಇಬ್ಬರ ಗಮನಕ್ಕೂ ಬಂತು. ದೂರದ ದೀಪ ಕೆಂಪೋ, ಹಳದಿಯೋ ಎನ್ನುವಲ್ಲಿ ಅವನು ತಡೆಯುತ್ತಿದ್ದ. ದೀಪದ ಜಾಗ ನೋಡಿ ಸರಿಯಾಗಿ ಹೇಳುತ್ತಿದ್ದ, ಒಂಟಿ ದೀಪವಾದರೆ ಸುಮ್ಮನಾಗುತ್ತಿದ್ದ. ಬೆಳಗಾವಿಗೆ ಹೋಗಿ ಕಣ್ಣಿನ ವೈದ್ಯರಿಗೆ ತೋರಿಸಿದೆವು. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪರೀಕ್ಷೆ ಮಾಡಿದರು. ಕೆಂಪು–ಹಸಿರು ವರ್ಣಾಂಧತೆ ಎಂದರು. ಹುಟ್ಟಿನಿಂದ ಬಂದದ್ದು, ಔಷಧವಿಲ್ಲ.

ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಬೇಕಾದ್ದು ‘ಎ-1’ ದರ್ಜೆಯ ವೈದ್ಯಕೀಯ ಅರ್ಹತೆ. ಕನ್ನಡಕವಿಲ್ಲದೆ ಎರಡೂ ಕಣ್ಣಿಗೆ 6/6 ದೃಷ್ಟಿ ಇರಬೇಕು, ಬಣ್ಣ ಗುರುತಿಸಬೇಕು. ಲೇಸಿಕ್ ಮಾಡಿಸಿಕೊಂಡವರಿಗೂ ಅವಕಾಶವಿಲ್ಲ. ಈ ತಪಾಸಣೆ ನಡೆಯುವುದು ಎಲ್ಲ ಪರೀಕ್ಷೆ ಮುಗಿದ ಮೇಲೆ, ಕೊನೆಯಲ್ಲಿ. ಅಂದು ಬಸ್ಸಿನಲ್ಲಿ ಬೈಲಹೊಂಗಲ ಬರುವವರೆಗೂ ಅವನು ಮಾತಾಡಲಿಲ್ಲ. ಇಳಿಯುವಾಗ, ‘ಮೂರು ವರ್ಷ ಓದಿ ಕಡೀಕ ಗೊತ್ತಾಗಿದ್ರ ಅಪ್ಪಗ ಏನ್ ಹೇಳ್ತಿದ್ನೋ ಏನೊ’ ಎಂದ. ಈಗ ಅವನು ಬಣ್ಣದ ಷರತ್ತಿಲ್ಲದ ಗುಮಾಸ್ತ ಹುದ್ದೆಗಳಿಗೆ ಓದುತ್ತಿದ್ದಾನೆ. ಅದೇ ಗಣಿತ, ಅದೇ ಸಾಮಾನ್ಯ ಜ್ಞಾನ, ಓದಿದ್ದು ವ್ಯರ್ಥವಾಗಿಲ್ಲ.

ರೈಲ್ವೆ ಕೆಲಸಕ್ಕೆ ಓದುತ್ತಿರುವ ಗೆಳೆಯರೇ, ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಕೋಚಿಂಗ್‌ಗೆ ಹಣ ಕಟ್ಟುವ ಮೊದಲು ಕಣ್ಣು ತೋರಿಸಿ.

ಪರೀಕ್ಷೆಗೆ ಎಷ್ಟು ಉಪಯೋಗ?

ಸಿಮ್ಯುಲೇಟರ್ ಓಡಿಸಿದರೆ ಕೆಲಸ ಸಿಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಮೊದಲ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 75 ಪ್ರಶ್ನೆ. ಎರಡನೆಯದರಲ್ಲಿ ‘ಎ’ ಭಾಗಕ್ಕೆ 90 ನಿಮಿಷ, 100 ಪ್ರಶ್ನೆ. ‘ಬಿ’ ಭಾಗದಲ್ಲಿ ನಮ್ಮ ಟ್ರೇಡ್‌ನ 75 ಪ್ರಶ್ನೆ, ಶೇ 35 ಅಂಕ ಬಂದರೆ ಸಾಕು. ಸಾಮರ್ಥ್ಯ ಪರೀಕ್ಷೆಯಲ್ಲಿ ನೆನಪಿನ ಶಕ್ತಿ, ಸೂಚನೆ ಪಾಲನೆ, ಆಳದ ಅಂದಾಜು, ಏಕಾಗ್ರತೆ, ಗ್ರಹಿಕೆಯ ವೇಗ ಎಂಬ ಐದು ಭಾಗಗಳು. ಪ್ರತಿಯೊಂದರಲ್ಲೂ ಕನಿಷ್ಠ 42 ಟಿ-ಸ್ಕೋರ್ ಬೇಕು. ಅಂತಿಮ ಪಟ್ಟಿಗೆ ‘ಎ’ ಭಾಗದ ಶೇ 70, ಸಾಮರ್ಥ್ಯ ಪರೀಕ್ಷೆಯ ಶೇ 30 ಲೆಕ್ಕ. ಇದಕ್ಕೆಲ್ಲ ಕೂತು ಓದುವುದೇ ದಾರಿ. ಝೂಸಿಗೆ ನಾನು ಕೊಡುವುದು ಒಂದೇ ತಾಸು, ಓದು ಮುಗಿದ ಮೇಲೆ.

ಹಾಗಾದರೆ ಸಿಕ್ಕಿದ್ದೇನು? ನಲವತ್ತು ನಿಮಿಷ ಏನೂ ನಡೆಯದಿದ್ದರೂ ಎಚ್ಚರದಿಂದ ಕೂರುವ ಅಭ್ಯಾಸ. ಮತ್ತು ಈ ಕೆಲಸ ನನಗೆ ಇಷ್ಟವೇ ಎಂಬ ಪ್ರಶ್ನೆಗೆ ಉತ್ತರ. ಸಂಬಳಕ್ಕಾಗಿ, ಭದ್ರತೆಗಾಗಿ ಅರ್ಜಿ ಹಾಕುವವರು ನಾವೆಲ್ಲ. ರಾತ್ರಿಯ ಮಂಜಿನಲ್ಲಿ, ಒಬ್ಬನೇ, ನೂರಾರು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವ ಕೆಲಸ ತನಗೆ ಒಗ್ಗುತ್ತದೆಯೇ ಎಂದು ಮೊದಲೇ ತಿಳಿಯುವ ಅವಕಾಶ ಎಷ್ಟು ಮಂದಿಗೆ ಸಿಗುತ್ತದೆ? ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಟ್ಟದಲ್ಲಿ ಪ್ರತಿ 37 ಮೀಟರ್‌ಗೆ 1 ಮೀಟರ್ ಇಳಿಜಾರು. ಆ ಮಾರ್ಗದಲ್ಲಿ ಪ್ರಯಾಣಿಸುವಾಗ ಮೊದಲೆಲ್ಲ ದೂಧಸಾಗರ ಜಲಪಾತ ನೋಡುತ್ತಿದ್ದೆ. ಈಗ ಕಿವಿ ಬ್ರೇಕಿನ ಸದ್ದಿನ ಮೇಲಿರುತ್ತದೆ.

2018ರ ನೇಮಕಾತಿಯ ನಂತರ ಮುಂದಿನ ಅಧಿಸೂಚನೆ ಬಂದದ್ದು 2024ರ ಜನವರಿಯಲ್ಲಿ. ಆ ಆರು ವರ್ಷಗಳಲ್ಲಿ ವಯಸ್ಸು ಮೀರಿದವರು ನಮ್ಮ ಓಣಿಯಲ್ಲೇ ಇದ್ದಾರೆ. 2024ರಲ್ಲಿ ಹುದ್ದೆಗಳು 5,696ರಿಂದ 18,799ಕ್ಕೆ ಏರಿದವು. 2025ರಲ್ಲಿ ಮತ್ತೆ 9,970 ಹುದ್ದೆಗಳಿಗೆ ಕರೆದರು. ನನಗೀಗ 28. ಸಾಮಾನ್ಯ ವರ್ಗಕ್ಕೆ ಮಿತಿ 30. ಅಪ್ಪ ಸ್ವಂತ ಅಂಗಡಿ ಹಾಕು ಎನ್ನುತ್ತಾನೆ. ಅದೂ ಒಳ್ಳೆಯ ದಾರಿಯೇ, ಇನ್ನೆರಡು ವರ್ಷ ತಡೆ ಎಂದಿದ್ದೇನೆ.

ಧಾರವಾಡ–ಕಿತ್ತೂರು–ಬೆಳಗಾವಿ ಹೊಸ ಮಾರ್ಗ ಸುಮಾರು 73 ಕಿ.ಮೀ. ಉದ್ದದ್ದು. ಸುರೇಶ ಅಂಗಡಿ ಅವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ, 2020ರಲ್ಲಿ ಒಪ್ಪಿಗೆ ಪಡೆದ ಯೋಜನೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ಹಳಿ ಬೇಕೆಂಬ ಬೇಡಿಕೆಯೂ ಹಳೆಯದು. ಹಳಿ ಹಾಕುವುದು ನಮ್ಮ ಕೈಯಲ್ಲಿಲ್ಲ. ಅದು ಬರುವ ಹೊತ್ತಿಗೆ ಎಂಜಿನ್ನಿನಲ್ಲಿ, ನಿಲ್ದಾಣದಲ್ಲಿ, ಸಿಗ್ನಲ್ ಕೋಣೆಯಲ್ಲಿ ಕೂರಲು ನಮ್ಮ ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರು ತಯಾರಿರಬೇಕು ಎಂಬುದಷ್ಟೇ ನನ್ನ ಆಸೆ.