ವಿಭಕ್ತಿ ಮತ್ತು ಪ್ರಿಪೊಸಿಷನ್: ಮಹಾರಾಷ್ಟ್ರದ ಕನ್ನಡ ವಿದ್ಯಾರ್ಥಿಯ ತೊಡಕುಗಳು

ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿದ ಕನ್ನಡ ಮನೆತನಗಳ ವಿದ್ಯಾರ್ಥಿಯು ಇಂಗ್ಲಿಷನ್ನು ಕಲಿಯತೊಡಗುವ ವೇಳೆಗೆ ಮನೆಯ ಕನ್ನಡ, ಬೀದಿಯ ಮರಾಠಿ ಎರಡನ್ನೂ ಬಲ್ಲವನಾಗಿರುತ್ತಾನೆ. ಕಲಿಕೆಯ ಕೈಪಿಡಿಗಳಾದರೋ ಪ್ರಿಪೊಸಿಷನ್ನುಗಳಿಂದಾದ ನುಡಿಗಟ್ಟುಗಳನ್ನು ಪಟ್ಟಿಮಾಡಿ ಬಾಯಿಪಾಠಕ್ಕೆ ಬಿಡುವುದೇ ಹೆಚ್ಚು. ಈ ಎರಡು ಭಾಷೆಗಳ ಪ್ರತ್ಯಯಗಳನ್ನು ಹೋಲಿಸಿ ಕಲಿಸಿದಲ್ಲಿ ತೊಡಕು ಬಹುಮಟ್ಟಿಗೆ ಸಡಿಲಗೊಳ್ಳುವುದೆಂದು ನಾವು ಭಾವಿಸುತ್ತೇವೆ.

‘ಆನ್ ಟೈಮ್’ ಎಂದರೆ ಗೊತ್ತುಪಡಿಸಿದ ವೇಳೆಗೆ ಸರಿಯಾಗಿ. ‘ಇನ್ ಟೈಮ್’ ಎಂದರೆ ವೇಳೆ ಮೀರುವುದಕ್ಕೆ ಮುನ್ನ. ನಾಸಿಕ ರೋಡ್ ನಿಲ್ದಾಣಕ್ಕೆ ರೈಲು ಬರುವುದು ‘ಆನ್ ಟೈಮ್’. ಅದನ್ನು ಹಿಡಿಯಲು ಪ್ರಯಾಣಿಕನು ತಲುಪುವುದು ‘ಇನ್ ಟೈಮ್’. ‘ಹೊತ್ತಿಗೆ ಬಂದನು’ ಎಂಬ ಕನ್ನಡದ ಚತುರ್ಥಿಯು ಎರಡು ಅರ್ಥಗಳನ್ನೂ ಒಳಗೊಳ್ಳುವುದರಿಂದ ಇಲ್ಲಿ ಅದು ನೆರವಿಗೆ ಬಾರದು. ಮರಾಠಿಯಲ್ಲಿ ‘ವೇಳೇವರ’, ‘ವೇಳೇತ’ ಎಂಬ ಎರಡು ರೂಪಗಳಿವೆ. ‘ವರ’ ಎಂದರೆ ಮೇಲೆ, ‘ತ’ ಎಂದರೆ ಒಳಗೆ. ಆಡುಮಾತಿನಲ್ಲಿ ಒಂದರ ಸ್ಥಾನಕ್ಕೆ ಇನ್ನೊಂದು ಬರುವುದುಂಟಾದರೂ, ಇಂಗ್ಲಿಷಿನ ‘ಆನ್’, ‘ಇನ್’ಗಳೊಡನೆ ಇವು ಹೊಂದುವ ಬಗೆ ಗಮನಾರ್ಹವಾದುದು.

‘ಅಟ್ ದಿ ಎಂಡ್’, ‘ಇನ್ ದಿ ಎಂಡ್’ಗಳ ವಿಷಯದಲ್ಲಿ ಸ್ಥಿತಿ ತಿರುಗುಮುರುಗು. ಮರಾಠಿಯ ‘ಶೇವಟೀ’ ಎರಡಕ್ಕೂ ಸಲ್ಲುತ್ತದೆ. ಕನ್ನಡವಾದರೋ ‘ಪುಸ್ತಕದ ಕೊನೆಯಲ್ಲಿ’ ಎಂದು ಸಪ್ತಮಿಯಿಂದ ಸ್ಥಾನವನ್ನೂ, ‘ಕೊನೆಗೆ ಒಪ್ಪಿದನು’ ಎಂದು ಚತುರ್ಥಿಯಿಂದ ಪರಿಣಾಮವನ್ನೂ ಬೇರ್ಪಡಿಸುತ್ತದೆ. ‘ಇನ್’ ಎಂದೊಡನೆ ‘ಅಲ್ಲಿ’ ಎಂದು ಕಲಿತವನು ಎಡವುವುದು ಇಲ್ಲಿಯೇ. ಏಕೆಂದರೆ ‘ಇನ್ ದಿ ಎಂಡ್’ಗೆ ಸಮನಾಗಿ ನಿಲ್ಲುವುದು ‘ಕೊನೆಗೆ’.

ವ್ಯವಹಾರದಲ್ಲಿ ಹೆಚ್ಚಿನ ಹಾನಿಯನ್ನುಂಟುಮಾಡುವುದು ‘ಬೈ’ ಮತ್ತು ‘ಟಿಲ್’ಗಳ ಗೊಂದಲ. ಮರಾಠಿಯ ‘ಸೋಮವಾರಪರ್ಯಂತ’ ಎರಡಕ್ಕೂ ಬಳಕೆಯಾಗುವುದರಿಂದ ಆ ಅಭ್ಯಾಸವು ಇಂಗ್ಲಿಷಿಗೂ ಹರಿದುಬರುತ್ತದೆ. ಸಂಭಾಜಿನಗರದ ಬಳಿಯ ವಾಳೂಜ ಅಥವಾ ನಾಸಿಕದ ಸಾತಪೂರ ಕೈಗಾರಿಕಾ ವಸಾಹತಿನ ನೌಕರನೊಬ್ಬನು ಯಂತ್ರದ ದುರಸ್ತಿ ‘ಬೈ ಮಂಡೇ’ ಎಂದು ಬರೆದರೆ ಸೋಮವಾರದೊಳಗೆ ಕೆಲಸ ಮುಗಿಯುತ್ತದೆ. ‘ಟಿಲ್ ಮಂಡೇ’ ಎಂದರೆ ಸೋಮವಾರದವರೆಗೂ ದುರಸ್ತಿ ನಡೆಯುತ್ತಲೇ ಇರುತ್ತದೆ. ಕನ್ನಡದ ‘ಒಳಗೆ’, ‘ವರೆಗೆ’ಗಳು ಈ ಭೇದವನ್ನು ಚೆನ್ನಾಗಿ ಕಾಪಾಡಿಕೊಂಡಿವೆ. (9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಗೋದಾವರಿಗೆ ನಿಲ್ಲಿಸುವಾಗ ಬಳಸಿರುವುದು ‘ವರಂ’ ಎಂಬ ಹಳಗನ್ನಡ ರೂಪವನ್ನೇ, ನಾಸಿಕವಿರುವುದು ಆ ಹೊಳೆಯ ದಡದಲ್ಲಿ.) ಆದುದರಿಂದ ‘ಬೈ’ ಅಥವಾ ‘ಟಿಲ್’ ಬರೆಯುವ ಮುನ್ನ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳುವಂತೆ ಅಧ್ಯಾಪಕರು ಸೂಚಿಸಬಹುದು: ‘ಒಳಗೆ’ ಬಂದಲ್ಲಿ ‘ಬೈ’, ‘ವರೆಗೆ’ ಬಂದಲ್ಲಿ ‘ಟಿಲ್’.