ಮಾಲಿನ್ಯದ ನೆರೆಯಲ್ಲಿ ಬೆಳೆಯುವ ಮಕ್ಕಳು: ಕ್ಯಾನ್ಸರ್ ಅಪಾಯ ಮತ್ತು ಗ್ರಾಮ ಪಂಚಾಯತಿಯ ಹೊಣೆ



ಊರಿನ ಮಗುವೊಂದಕ್ಕೆ ರಕ್ತದ ಕ್ಯಾನ್ಸರ್ ಬಂದಿದೆಯೆಂದು ತಿಳಿದಾಗ, ಅದು ಗಿರಣಿಯ ಹೊಗೆಯಿಂದ ಬಂದಿತೇ, ಗದ್ದೆಗೆ ಹೊಡೆದ ಔಷಧಿಯಿಂದ ಬಂದಿತೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆಧಾರವಿಲ್ಲದೆ ಯಾರನ್ನೋ ದೋಷಿಯೆನ್ನುವುದು ಸರಿಯಲ್ಲ. ಆಧಾರ ಸಿಗುವವರೆಗೆ ಹೊಗೆಯನ್ನೂ ವಿಷವನ್ನೂ ಹಾಗೆಯೇ ಬಿಡುವುದೂ ಸರಿಯಲ್ಲ. ಸಿರಿಗೇರಿ ಸೇರಿದಂತೆ ಸಿರುಗುಪ್ಪ, ಕುರುಗೋಡು ಭಾಗದ ಭತ್ತದ ಸೀಮೆಯ ಸದಸ್ಯರು ಈ ವಿಷಯವನ್ನು ಸ್ಪಷ್ಟವಾಗಿ ಅರಿತಿರಬೇಕು.

ತಿಳಿದಿರುವ ಸಂಗತಿಗಳು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 19 ವರ್ಷದೊಳಗಿನ ಸುಮಾರು 4 ಲಕ್ಷ ಮಂದಿಗೆ ಕ್ಯಾನ್ಸರ್ ಬರುತ್ತದೆ. ಇವರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಆನುವಂಶಿಕ ಒಲವು ಇರುತ್ತದೆ. ಹೆಚ್ಚಿನವರಲ್ಲಿ ನಿಖರವಾದ ಕಾರಣ ಪತ್ತೆಯಾಗುವುದಿಲ್ಲ. ಇದು ಅಂಟುರೋಗವಲ್ಲ, ತಂದೆತಾಯಿಯ ತಪ್ಪಿನ ಫಲವೂ ಅಲ್ಲ.

ಮಕ್ಕಳ ಕ್ಯಾನ್ಸರ್ ವಿರಳ. 10 ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 100ರಿಂದ 150 ಪ್ರಕರಣಗಳೆಂದು ಹಿಡಿದರೆ, 3,000 ಮಕ್ಕಳಿರುವ ಪಂಚಾಯತಿಯಲ್ಲಿ ಎರಡು ಮೂರು ವರ್ಷಕ್ಕೊಂದು ಪ್ರಕರಣ ಕಾಣಬಹುದು. ಒಂದೇ ವರ್ಷ ಎರಡು ಕಂಡರೆ ಅದು ಆಕಸ್ಮಿಕವೂ ಇರಬಹುದು. ಆದುದರಿಂದಲೇ ಒಂದು ಊರಿನ ಲೆಕ್ಕದಿಂದ ಕಾರಣವನ್ನು ಸಾಧಿಸುವುದು ಕಷ್ಟ. ಜರ್ಮನಿಯಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವು ಅಣು ವಿದ್ಯುತ್ ಸ್ಥಾವರಗಳಿಂದ 5 ಕಿ.ಮೀ. ಒಳಗೆ ವಾಸಿಸುವ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿರುವುದನ್ನು ಕಂಡಿತು. ಆದರೆ ಅಲ್ಲಿ ಅಳೆದ ವಿಕಿರಣ ಅಷ್ಟು ಪ್ರಕರಣಗಳಿಗೆ ಕಾರಣವಾಗುವಷ್ಟು ಇರಲಿಲ್ಲ.

ಹಾಗೆಂದು ಅಪಾಯವನ್ನು ಅಲ್ಲಗಳೆಯುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊರಾಂಗಣ ವಾಯುಮಾಲಿನ್ಯವನ್ನು 2013ರಲ್ಲಿ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ವಾಹನಗಳ ಹೊಗೆಯಲ್ಲಿಯೂ ಹುಲ್ಲು ಸುಟ್ಟ ಹೊಗೆಯಲ್ಲಿಯೂ ಇರುವ ಬೆನ್ಜೀನ್ ವಯಸ್ಕರಲ್ಲಿ ರಕ್ತದ ಕ್ಯಾನ್ಸರ್ ತರುತ್ತದೆಂಬುದು ಸಿದ್ಧವಾಗಿದೆ. ಮಕ್ಕಳಲ್ಲಿಯೂ ಸಂಬಂಧ ಕಂಡುಬಂದಿದೆ. ಗರ್ಭಾವಸ್ಥೆಯಲ್ಲಿ ಮತ್ತು ಎಳೆವಯಸ್ಸಿನಲ್ಲಿ ಕೀಟನಾಶಕದ ಸಂಪರ್ಕಕ್ಕೂ ಈ ರೋಗಕ್ಕೂ ಸಂಬಂಧವಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಮಗು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ನೆಲದಲ್ಲಿ ಆಡಿ ಅದೇ ಕೈಯನ್ನು ಬಾಯಿಗಿಡುತ್ತದೆ. ಅದರ ಜೀವಕೋಶಗಳು ವೇಗವಾಗಿ ವಿಭಜನೆಗೊಳ್ಳುತ್ತಿರುತ್ತವೆ. ಮಾಲಿನ್ಯದ ಮೂಲದಿಂದ ದೂರ ಸರಿದಷ್ಟೂ ಮಗುವಿನ ದೇಹಕ್ಕೆ ಸೇರುವ ಪ್ರಮಾಣ ಸಾಮಾನ್ಯವಾಗಿ ಇಳಿಯುತ್ತದೆ. ಈ ಅಂತರವನ್ನು ಹೆಚ್ಚಿಸುವುದು ಪಂಚಾಯತಿಯ ಕೈಯಲ್ಲಿದೆ.

ಪಡ್ರೆಯ ಪಾಠ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯ ಪಡ್ರೆ ಕನ್ನಡ ಬಲ್ಲವರ ಊರು. ಅಲ್ಲಿನ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಊರಿನಲ್ಲಿ ರೋಗಗಳು ಹೆಚ್ಚುತ್ತಿರುವುದನ್ನು ಮೊದಲು ಗಮನಿಸಿದವರಲ್ಲಿ ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಪ್ರಮುಖರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ನಡೆಸಿದ ಅಧ್ಯಯನದಲ್ಲಿ ಮುಖ್ಯವಾಗಿ ಕಂಡದ್ದು ಕ್ಯಾನ್ಸರ್ ಅಲ್ಲ. ಮಕ್ಕಳ ಜನ್ಮಜಾತ ವೈಕಲ್ಯಗಳು ಮತ್ತು ಕಲಿಕೆಯ ತೊಂದರೆಗಳು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆದುದು 2011ರ ಮೇ ತಿಂಗಳಲ್ಲಿ. ವಿಜ್ಞಾನದ ಅಂತಿಮ ತೀರ್ಪು ಬರುವಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬೆಳೆದುಬಿಟ್ಟಿದ್ದರು.

ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

1. ಹೊಸ ಅಂಗನವಾಡಿ, ಶಾಲಾ ಕೊಠಡಿ ಅಥವಾ ಆಟದ ಮೈದಾನಕ್ಕೆ ಜಾಗ ಗುರುತಿಸುವಾಗ ಅಕ್ಕಿ ಗಿರಣಿ, ಇಟ್ಟಿಗೆ ಭಟ್ಟಿ, ಕಸದ ಘಟಕ ಮತ್ತು ಲಾರಿ ಸಂಚಾರದ ರಸ್ತೆಗಳಿಂದ ದೂರವನ್ನು, ಗಾಳಿ ಬೀಸುವ ದಿಕ್ಕನ್ನು ಪರಿಶೀಲಿಸುವುದು.

2. ಹೊಗೆ ಅಥವಾ ತ್ಯಾಜ್ಯನೀರು ಬಿಡುವ ಘಟಕಕ್ಕೆ ಪರವಾನಗಿ ನೀಡುವ ಮುನ್ನ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವನ್ನು ಕೇಳುವುದು. ದೂರು ಬಂದಲ್ಲಿ ಠರಾವಿನೊಡನೆ ಮಂಡಳಿಯ ಬಳ್ಳಾರಿ ಕಚೇರಿಗೆ ಲಿಖಿತವಾಗಿ ಕಳುಹಿಸುವುದು.

3. ಭತ್ತದ ಹುಲ್ಲು, ಕೂಳೆ ಹಾಗೂ ಪ್ಲಾಸ್ಟಿಕ್ ಕಸವನ್ನು ಸುಡದಂತೆ ಡಂಗುರ ಸಾರಿಸುವುದು. ಹುಲ್ಲನ್ನು ಮೇವಿಗೆ, ಗೊಬ್ಬರಕ್ಕೆ ಬಳಸುವಂತೆ ರೈತ ಸಂಪರ್ಕ ಕೇಂದ್ರದ ಮೂಲಕ ತಿಳಿಸುವುದು.

4. ಕೀಟನಾಶಕದ ಖಾಲಿ ಡಬ್ಬಿಗಳಲ್ಲಿ ನೀರು, ಎಣ್ಣೆ ತುಂಬದಂತೆ, ಸಿಂಪಡಣೆಯ ಪಂಪನ್ನು ಕಾಲುವೆಯಲ್ಲಿಯೂ ಕುಡಿಯುವ ನೀರಿನ ಕೆರೆಯಲ್ಲಿಯೂ ತೊಳೆಯದಂತೆ ನೋಡಿಕೊಳ್ಳುವುದು. ಗರ್ಭಿಣಿಯರು ಮತ್ತು ಮಕ್ಕಳು ಸಿಂಪಡಣೆಯ ವೇಳೆ ಗದ್ದೆಗೆ ಹೋಗಬಾರದು.

ಬೇಗ ಗುರುತಿಸಿದರೆ ಮಗು ಉಳಿಯುತ್ತದೆ

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಬಡ ಹಾಗೂ ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಶೇ. 30ಕ್ಕಿಂತ ಕಡಿಮೆ. ತಡವಾದ ಪತ್ತೆ ಮತ್ತು ಅರ್ಧಕ್ಕೆ ನಿಂತ ಚಿಕಿತ್ಸೆ ಈ ಅಂತರಕ್ಕೆ ದೊಡ್ಡ ಕಾರಣಗಳು. ಬಿಡದ ಜ್ವರ, ಬಿಳಿಚಿಕೊಂಡ ಮೈ, ಕಾರಣವಿಲ್ಲದೆ ಮೂಡುವ ನೀಲಿ ಕಲೆಗಳು, ಗಂಟು, ಮೂಳೆ ನೋವು, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು, ಬೆಳಗಿನ ತಲೆನೋವಿನೊಡನೆ ವಾಂತಿ ಕಂಡಲ್ಲಿ ಆಶಾ ಕಾರ್ಯಕರ್ತೆಯರು ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಅಲ್ಲಿಂದ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೂ ವಿಳಂಬವಿಲ್ಲದೆ ತಲುಪಿಸಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಚಿಕಿತ್ಸೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವು ದೊರೆಯುತ್ತದೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ತಮ್ಮ ವ್ಯಾಪ್ತಿಯ ಶಾಲೆ, ಅಂಗನವಾಡಿಗಳ ಸುತ್ತಲಿನ ಮಾಲಿನ್ಯದ ಮೂಲಗಳ ಪಟ್ಟಿ ಮಾಡಿ, ದೂರವನ್ನು ಅಳೆದು ನಡಾವಳಿಯಲ್ಲಿ ದಾಖಲಿಸಬೇಕೆಂದು ಸದಸ್ಯರಲ್ಲಿ ಕೋರಲಾಗಿದೆ.